"ಇವರು ಬಂದ್ರಾ?" ಅಂತ ಅತ್ತೆ ದಿನಾ ಕೇಳುತ್ತಾರೆ. ಏನು ಹೇಳಲಿ?

ಸಂಜೆಮಲ್ಲಿಗೆ (ಮಂಗಳವಾರ, ರಾತ್ರಿ 11:40)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಓದಿಕೊಂಡು ಸುಮ್ಮನಿದ್ದೆ, ಇವತ್ತು ಬರೆಯಲೇಬೇಕು ಅನ್ನಿಸಿತು.

ನಮ್ಮತ್ತೆಗೆ 79. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಅಂತ ಗೊತ್ತಾಗಿ ಮೂರು ವರ್ಷ. ಮಾವ ತೀರಿಕೊಂಡು ನಾಲ್ಕು ವರ್ಷ. ಈಗ ಎರಡು ತಿಂಗಳಿಂದ ಸಂಜೆ ದೀಪ ಹಚ್ಚೋ ಹೊತ್ತಿಗೆ ಬಾಗಿಲ ಹತ್ತಿರ ಬಂದು ನಿಲ್ಲುತ್ತಾರೆ. "ಇವರು ಬಂದ್ರಾ?" ಅನ್ನುತ್ತಾರೆ. ಮೊದಲ ಸಲ ನನ್ನ ಗಂಡನನ್ನು ಕೇಳುತ್ತಿದ್ದಾರೆ ಅಂದುಕೊಂಡು "ಇನ್ನೂ ಆಫೀಸಲ್ಲಿದ್ದಾರೆ ಅತ್ತೆ" ಅಂದೆ. "ನಿನ್ನವನಲ್ಲ ಕಣೇ, ಇವರು" ಅಂದರು. ಅತ್ತೆ ಯಾವತ್ತೂ ಮಾವನ ಹೆಸರು ಹಿಡಿದು ಕರೆದವರಲ್ಲ. ಅವರ ಬಾಯಲ್ಲಿ "ಇವರು" ಅಂದರೆ ಒಬ್ಬರೇ.

ನಿನ್ನೆ ಒಲೆ ಮೇಲೆ ಹಾಲಿತ್ತು, ಮಗಳ ಪರೀಕ್ಷೆ ಬೇರೆ. ಐದನೇ ಸಲ ಕೇಳಿದಾಗ "ಮಾವ ಹೋಗಿ ನಾಲ್ಕು ವರ್ಷ ಆಯ್ತಲ್ಲ ಅತ್ತೆ, ಮರೆತುಬಿಟ್ರಾ?" ಅಂದುಬಿಟ್ಟೆ. ಚಪ್ಪಲಿ ಸ್ಟ್ಯಾಂಡ್ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಕೈ ಹಣೆಗೆ ಹೋಯಿತು. ಅಲ್ಲಿ ಕುಂಕುಮ ಇಲ್ಲ ಅಂತ ಆಗ ಗೊತ್ತಾಯಿತೇನೋ. "ನಂಗ್ಯಾಕೆ ಯಾರೂ ಹೇಳ್ಲಿಲ್ಲ?" ಅಂತ ಒಂದು ಗಂಟೆ ಅತ್ತರು. ಊಟ ಬೇಡ ಅಂದರು. ಬೆಳಿಗ್ಗೆ ಏನೂ ನೆನಪಿಲ್ಲ. ಇವತ್ತು ಸಂಜೆ ಮತ್ತೆ ಅದೇ ಬಾಗಿಲು, ಅದೇ ಪ್ರಶ್ನೆ.

ನಾದಿನಿ "ಊರಿಗೆ ಹೋಗಿದ್ದಾರೆ ಅನ್ನು, ಮುಗೀತು" ಅನ್ನುತ್ತಾಳೆ. ನನ್ನ ಗಂಡನಿಗೆ ಅಮ್ಮನ ಹತ್ತಿರ ಸುಳ್ಳು ಹೇಳೋದು ಆಗಲ್ಲ. "ಅವಳನ್ನ ಮಗು ಥರ ಯಾಮಾರಿಸಬೇಡ" ಅನ್ನುತ್ತಾರೆ. ಇಬ್ಬರು ಹೇಳೋದೂ ಸರಿ ಅನ್ನಿಸುತ್ತೆ. ಅನುಭವ ಇದ್ದವರು ಹೇಳಿ.

ಕಡಲತೀರ

ನಾದಿನಿ ಹೇಳಿದ್ದೇ ಸರಿ. ನಮ್ಮ ದೊಡ್ಡಮ್ಮನಿಗೆ ಐದು ವರ್ಷ ಹೀಗೇ ಹೇಳಿದ್ದೇವೆ. ಪಾಪ ಏನೂ ಬರಲ್ಲ.

ಸತ್ಯವಾದಿ76

ನಾನು ಒಪ್ಪಲ್ಲ. ಇವತ್ತು "ಊರಿಗೆ ಹೋಗಿದ್ದಾರೆ", ನಾಳೆ "ಬಸ್ ಲೇಟು". ಆಮೇಲೆ ಮಾತ್ರೆಯನ್ನು ಬಾಳೆಹಣ್ಣಲ್ಲಿ ಮುಚ್ಚಿ ಕೊಡೋದು. ಆಮೇಲೆ "ಸುಮ್ನೆ ಇಲ್ಲೊಂದು ಸಹಿ ಹಾಕಿ". ನಮ್ಮ ಬಂಧುಗಳ ಮನೆಯಲ್ಲೇ ನೋಡಿದ್ದೇನೆ. "ಅವರಿಗೇನು ಗೊತ್ತಾಗುತ್ತೆ" ಅಂತ ಶುರುವಾದದ್ದು ಸೈಟಿನ ಪತ್ರದವರೆಗೂ ಹೋಯಿತು. ತಲೆ ಕೆಟ್ಟಿದೆ ಅಂತ ಸುಳ್ಳು ಹೇಳಬಹುದು ಅಂದರೆ ಅದು ಯಾವ ಮರ್ಯಾದೆ?

ಕಡಲತೀರ

ಸೈಟಿನ ಪತ್ರ ಬೇರೆ, ಸಂಜೆ ಹೊತ್ತಿನ ಸಮಾಧಾನ ಬೇರೆ ಸ್ವಾಮಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ನರ್ಸಕ್ಕ (ಬುಧವಾರ, ಬೆಳಿಗ್ಗೆ 8:50)

ನೈಟ್ ಡ್ಯೂಟಿ ಮುಗಿಸಿ ಬಂದು ಇದನ್ನು ನೋಡಿದೆ. ಮಲಗೋ ಮುಂಚೆ ಬರೆದುಬಿಡುತ್ತೇನೆ.

ಸಂಜೆಮಲ್ಲಿಗೆ, ಮೊದಲು ನಿಮ್ಮನ್ನು ನೀವು ಬೈದುಕೊಳ್ಳೋದು ನಿಲ್ಲಿಸಿ. ಈ ಕಾಯಿಲೆ ಇರೋ ಮನೆಯಲ್ಲಿ ಈ ಮಾತು ಒಂದು ಸಲವಾದರೂ ಆಡದವರನ್ನು ನಾನು ನೋಡಿಲ್ಲ.

ನನ್ನ ಕಣ್ಣಿಗೆ ಬಿದ್ದದ್ದು "ದೀಪ ಹಚ್ಚೋ ಹೊತ್ತಿಗೆ" ಅನ್ನೋದು. ಬೆಳಿಗ್ಗೆ ಕೇಳಲ್ಲ ಅಲ್ವಾ? ಡಿಮೆನ್ಶಿಯಾ ಇರುವ ತುಂಬಾ ಜನಕ್ಕೆ ಸಂಜೆ ಗಾಬರಿ ಜಾಸ್ತಿ. ಸನ್‌ಡೌನಿಂಗ್ ಅಂತಾರೆ ಡಾಕ್ಟರುಗಳು. ದಿನದ ದಣಿವು, ಕಡಿಮೆಯಾಗೋ ಬೆಳಕು, ಗೋಡೆ ಮೇಲಿನ ನೆರಳು ಎಲ್ಲ ಸೇರಿಕೊಳ್ಳುತ್ತೆ. ಐದು ಗಂಟೆಗೇ ಮನೆಯ ಲೈಟೆಲ್ಲ ಹಾಕಿ, ಪರದೆ ಎಳೆಯಿರಿ. ಟೀವಿ ಸೀರಿಯಲ್ ಬಂದ್ ಮಾಡಿ. ಅದರಲ್ಲಿ ಕಿರುಚಾಡಿದರೆ ತಮ್ಮ ಮನೆಯಲ್ಲೇ ಜಗಳ ಆಗುತ್ತಿದೆ ಅಂದುಕೊಳ್ಳುವವರಿದ್ದಾರೆ. ಕೈಗೆ ಕೆಲಸ ಕೊಡಿ. ಅವರೆಕಾಯಿ ಸುಲಿಯೋದು, ಹೂವು ಕಟ್ಟೋದು, ಬಟ್ಟೆ ಮಡಿಸೋದು. ಬೇಕಾದರೆ ಒಳಗೆ ಹೋಗಿ ಬಿಚ್ಚಿ ತಂದು ಮತ್ತೆ ಕೊಡಿ, ಅವರ ಕಣ್ಣೆದುರು ಮಾತ್ರ ಬಿಚ್ಚಬೇಡಿ!

ಇನ್ನು ಆ ಪ್ರಶ್ನೆ. ಅದು ವಿಷಯ ತಿಳಿದುಕೊಳ್ಳೋಕೆ ಕೇಳಿದ್ದಲ್ಲ. ಕತ್ತಲಾಯಿತು, ಬರಬೇಕಾದವರು ಬಂದಿಲ್ಲ, ಎದೆ ಡವಡವ ಅಂತಿದೆ, ಅಷ್ಟೇ. ನಾನಾದರೆ ಮೊದಲು ಹೋಗಿ ಅವರ ಪಕ್ಕ ನಿಂತು ರಸ್ತೆ ನೋಡುತ್ತೇನೆ. ಆಮೇಲೆ "ಮಾವ ಬಂದ ತಕ್ಷಣ ಏನು ಕೇಳ್ತಿದ್ರು ಅತ್ತೆ, ಕಾಫಿನಾ, ಊಟನಾ?" ಅನ್ನುತ್ತೇನೆ. ಇದರಲ್ಲಿ ಸುಳ್ಳು ಎಲ್ಲಿದೆ? ಮಾವ ಅವರ ಮಾತಿನಲ್ಲಿ ಬಂದರೆ ಎಷ್ಟೋ ಸಲ ಬಾಗಿಲಿಂದ ಬರೋದು ಬೇಕಾಗಲ್ಲ.

"ಮರೆತುಬಿಟ್ರಾ", "ಆಗಲೇ ಹೇಳಿದ್ನಲ್ಲ", "ನೆನಪು ಮಾಡ್ಕೊಳ್ಳಿ ನೋಡೋಣ". ಈ ಮೂರೂ ನಾಲಿಗೆ ತುದಿಯಲ್ಲೇ ಇರುತ್ತವೆ. ತಡೆಯೋದು ಕಷ್ಟ, ನನಗೂ ಗೊತ್ತು.

ಬೆಳಿಗ್ಗೆ ಏನೂ ನೆನಪಿರಲ್ಲ ಅಂದಿರಿ. ನಡೆದದ್ದು ನೆನಪಿರಲ್ಲ, ಸಂಕಟ ಉಳಿಯಬಹುದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಲ್‌ಜೈಮರ್ಸ್ (ಡಿಮೆನ್ಶಿಯಾದ ಒಂದು ಬಗೆ) ಇರುವವರಿಗೆ ದುಃಖದ ಸಿನಿಮಾ ತುಣುಕು ತೋರಿಸಿದರು. ಸ್ವಲ್ಪ ಹೊತ್ತಿಗೆ ನೋಡಿದ್ದು ಮರೆತುಹೋಯಿತು, ಬೇಜಾರು ಮಾತ್ರ ಹೋಗಲಿಲ್ಲ. ನಗಿಸೋ ತುಣುಕು ತೋರಿಸಿದಾಗ ಖುಷಿಯೂ ಹಾಗೇ ಉಳಿಯಿತು.

ಸತ್ಯವಾದಿ76

ಚೆನ್ನಾಗಿ ಹೇಳಿದಿರಿ. ಆದರೆ ಅವರು ಕಣ್ಣಲ್ಲಿ ಕಣ್ಣಿಟ್ಟು "ಬದುಕಿದ್ದಾರಾ ಇಲ್ವಾ, ನಿಜ ಹೇಳು" ಅಂದರೆ? ಆಗಲೂ ಕಾಫಿ ಕಥೆನಾ?

ನರ್ಸಕ್ಕ

ಇಲ್ಲ. ಹಾಗೆ ಕೇಳಿದರೆ ಹೇಳಬೇಕು. ಪಕ್ಕದಲ್ಲಿ ಕೂತು, ಮೆತ್ತಗೆ. ಹೇಳಿ ಎದ್ದು ಹೋಗಬಾರದು ಅಷ್ಟೇ. ಇಷ್ಟು ಮಟ್ಟಿಗೆ ನಿಮ್ಮ ಮಾತು ಒಪ್ಪುತ್ತೇನೆ. ಈಗ ಮಲಗುತ್ತೇನೆ.

ಪಾರ್ಕ್_ಬೆಂಚು

ಇದಕ್ಕೆಲ್ಲ ಇಂಗ್ಲಿಷ್ ಹೆಸರು ಯಾಕೆ? ನಮ್ಮಲ್ಲಿ ಅರವತ್ತಕ್ಕೆ ಅರಳು ಮರಳು ಅಂತ ಹಿಂದಿನಿಂದಲೂ ಇದೆ. ವಯಸ್ಸಾದ ಮೇಲೆ ಎಲ್ಲರಿಗೂ ಬರೋದೇ. ಇದನ್ನು ಕಾಯಿಲೆ ಮಾಡಿದ್ದು ಔಷಧಿ ಕಂಪನಿಗಳು.

ಅಂಕಿಅಂಶದ_ಅಣ್ಣ

ಎಲ್ಲರಿಗೂ ಬರಲ್ಲ ಸಾರ್. 2023ರಲ್ಲಿ ಪ್ರಕಟವಾದ ದೇಶಮಟ್ಟದ ಅಧ್ಯಯನದ ಲೆಕ್ಕದಲ್ಲಿ 60 ದಾಟಿದ ಭಾರತೀಯರಲ್ಲಿ ಡಿಮೆನ್ಶಿಯಾ ಇರೋದು ಶೇ. 7.4 ಜನಕ್ಕೆ, ಸುಮಾರು 88 ಲಕ್ಷ. ದೊಡ್ಡ ಸಂಖ್ಯೆಯೇ. ಆದರೆ ನೂರರಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಜನಕ್ಕೆ ಇಲ್ಲ.

ನಮ್ಮ ಚಿಕ್ಕಪ್ಪ ದುಡ್ಡು ಎಣಿಸೋಕೆ ತಡವರಿಸಿದಾಗ ನಾವೂ ಅರಳು ಮರಳು ಅಂತ ನಕ್ಕೆವು. ಎರಡು ವರ್ಷ ಹಾಗೇ ಹೋಯಿತು. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತೆ, ಅದಕ್ಕೆ ಚಿಕಿತ್ಸೆ ಇದೆ. ಡಾಕ್ಟರು ಮೊದಲು ರಕ್ತ ಪರೀಕ್ಷೆ ಬರೆಯೋದು ಅದಕ್ಕೇ. ಚಿಕ್ಕಪ್ಪನದು ಆಲ್‌ಜೈಮರ್ಸೇ ಆಗಿತ್ತು. ಆದರೂ ಎರಡು ವರ್ಷ ಮುಂಚೆ ಗೊತ್ತಾಗಿದ್ದರೆ ಅವರನ್ನು ಅಷ್ಟು ಗೇಲಿ ಮಾಡುತ್ತಿರಲಿಲ್ಲ. ಅದೇ ಈಗಲೂ ಚುಚ್ಚುತ್ತೆ.

ಪಾರ್ಕ್_ಬೆಂಚು

ಅದು ಗಾದೆ ಮಾರಾಯ, ಲೆಕ್ಕ ಹಾಕಬೇಡ. ನನಗೆ 68, ತಲೆ ಸರಿಯಾಗೇ ಇದೆ.

ಕಡಲತೀರ

ವೇದ ಸುಳ್ಳಾದರೂ ಗಾದೆ ಸುಳ್ಳಾಗಲ್ಲ ಅಂತಾರೆ. ನೀವೇ ಸುಳ್ಳು ಮಾಡಿಬಿಟ್ಟಿರಲ್ಲ ಸಾರ್ 😀

ಮೇಷ್ಟ್ರ_ಮಗ

ಮರ್ಯಾದೆ ಅಂತ ಬಂತಲ್ಲ, ನಮ್ಮ ಮನೆ ಕಥೆ ಹೇಳುತ್ತೇನೆ.

ಅಪ್ಪ ಹೈಸ್ಕೂಲಿನ ಹೆಡ್‌ಮಾಸ್ಟರು, 34 ವರ್ಷ ಸರ್ವೀಸು. ನೋಡಿಕೊಳ್ಳೋಕೆ ಒಬ್ಬ ಹುಡುಗನನ್ನು ಇಟ್ಟುಕೊಂಡೆವು. ಒಳ್ಳೇ ಹುಡುಗ, ಕೆಲಸ ಚೊಕ್ಕ. ಆದರೆ ಮೊದಲ ದಿನದಿಂದ "ಏ ತಾತ, ಬಾ, ಬಾಯಿ ತೆಗಿ, ಆ ಅನ್ನು, ಗುಡ್ ಬಾಯ್". ಅಪ್ಪ ಹಲ್ಲು ಬಿಗಿ ಹಿಡಿದು ಕೂತುಬಿಡೋರು. ಒಂದು ದಿನ ತಟ್ಟೆ ಎತ್ತಿ ಎಸೆದರು. ಕಾಯಿಲೆ ಜಾಸ್ತಿ ಆಯಿತು, ಮಾತ್ರೆ ಬದಲಾಯಿಸಬೇಕೇನೋ ಅಂದುಕೊಂಡೆವು.

ಆ ವಾರ ಅಪ್ಪನ ಹಳೇ ಶಿಷ್ಯರೊಬ್ಬರು ನೋಡೋಕೆ ಬಂದರು. ಅವರಿಗೇ ಅರವತ್ತರ ಹತ್ತಿರ. ಬಾಗಿಲಲ್ಲಿ ಚಪ್ಪಲಿ ಬಿಟ್ಟು "ನಮಸ್ಕಾರ ಸಾರ್, ಒಳಗೆ ಬರಬಹುದಾ?" ಅಂದರು. ಮಲಗಿದ್ದ ಅಪ್ಪ ಎದ್ದು ಕೂತರು. ಶರ್ಟಿನ ಮೇಲಿನ ಗುಂಡಿ ಹುಡುಕಿ ಹುಡುಕಿ ಹಾಕಿಕೊಂಡರು. ಆಮೇಲೆ "ಕೂತ್ಕೊಳ್ಳಿ" ಅಂದರು. ಬಂದವರು ಯಾರು ಅಂತ ಗೊತ್ತಾಗಲಿಲ್ಲ, ತಾವು ಯಾರು ಅಂತ ಗೊತ್ತಾಯಿತು ಅನ್ನಿಸುತ್ತೆ.

ಸಂಜೆ ಆ ಹುಡುಗನಿಗೆ ಹೇಳಿದೆ, ಇವತ್ತಿಂದ ಇವರು ತಾತ ಅಲ್ಲ, ಮೇಷ್ಟ್ರು. "ಮೇಷ್ಟ್ರೇ, ಊಟ ತಂದಿದ್ದೀನಿ. ಇಲ್ಲಿ ಇಡ್ಲಾ?" ಅಂತ ಕೇಳೋಕೆ ಶುರು ಮಾಡಿದ. ಮೂರನೇ ದಿನ ಅಪ್ಪ ತಾವೇ ಚಮಚ ಹಿಡಿದರು. ಎಲ್ಲ ಸರಿಹೋಯಿತು ಅಂತಲ್ಲ. ತಟ್ಟೆ ಆಮೇಲೂ ಎರಡು ಸಲ ಹಾರಿದೆ.

ಬಿಸಿಲೂರ_ಬಸು

ಇದರಾಗ ಒಂದು ತಕರಾರು ಐತಿ. ನಮ್ಮ ಕಡೆ ಅಪ್ಪಗೂ "ನೀ" ಅಂತೀವಿ. "ಯಪ್ಪಾ, ಉಂಡ್ಯಾ?" ಅಂದ್ರ ಅದರಾಗ ಎಲ್ಲಾ ಬಂತು. ನಾಳೆಯಿಂದ ನಾ "ನೀವು ಊಟ ಮಾಡಿದಿರಾ?" ಅಂತ ಕೇಳಿದ್ರ ನಮ್ಮಪ್ಪ ಬ್ಯಾಂಕಿನವರು ಸಾಲಕ್ಕ ಬಂದಾರ ಅಂತ ಹಿತ್ತಲ ಬಾಗಿಲಿಂದ ಓಡ್ತಾನ.

ಮೇಷ್ಟ್ರ_ಮಗ

ಹ್ಹಹ್ಹ, ಸರಿ. ಮೊದಲಿಂದ ಹೇಗೆ ಕರೆಯುತ್ತಿದ್ದಿರೋ ಹಾಗೇ ಕರೆಯಿರಿ. ನಾನು ಹೇಳಿದ್ದು ಕಾಯಿಲೆ ಬಂದ ಮೇಲೆ ಬದಲಾಗೋ ದನಿ ಬಗ್ಗೆ.

ಅಡುಗೆಮನೆ_ಕಿಟಕಿ

ಆ ದನಿಗಿಂತ ಕೆಟ್ಟದ್ದು ಇನ್ನೊಂದಿದೆ. ಅವರ ಎದುರಿಗೇ ಅವರ ಬಗ್ಗೆ ಮಾತಾಡೋದು. "ರಾತ್ರಿ ಹಾಸಿಗೆ ಒದ್ದೆ ಮಾಡ್ಕೊಂಡ್ರಾ?" ಅಂತ ಅಮ್ಮನ ತಲೆ ಮೇಲಿಂದ ನನ್ನನ್ನು ಕೇಳಿದವರಿದ್ದಾರೆ. ಅಮ್ಮ ಏನೂ ಹೇಳಲಿಲ್ಲ, ಸೆರಗು ಎಳೆದುಕೊಂಡರು.

ತಿಮರೆ

ಭಾಷೆ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಅಜ್ಜಿ ಬೆಂಗಳೂರಿಗೆ ಬಂದು 45 ವರ್ಷ ಆಗಿತ್ತು. ಕನ್ನಡ ನಮಗಿಂತ ಚೆನ್ನಾಗಿತ್ತು. ಕಾಯಿಲೆ ಮುಂದುವರಿದ ಹಾಗೆ ಕನ್ನಡ ಜಾರಿಹೋಯಿತು, ಚಿಕ್ಕಂದಿನ ತುಳು ಒಂದೇ ಉಳಿಯಿತು. ಕಲಿತ ಭಾಷೆ ಮೊದಲು ಹೋಗೋದು ಇದರಲ್ಲಿ ಉಂಟಂತೆ.

ನೋಡಿಕೊಳ್ಳೋ ಹುಡುಗಿ ಒಡಿಶಾದವಳು. ಒಂದು ರಾತ್ರಿ ಅಜ್ಜಿ "ನೀರ್ ಬೋಡು, ನೀರ್ ಬೋಡು" ಅಂತ ಕೇಳಿದ್ದಾರೆ. ಅವಳಿಗೆ ಅರ್ಥವಾಗದೆ ಹೊದಿಕೆ ಹೊದಿಸಿದ್ದಾಳೆ, ಫ್ಯಾನ್ ಹಾಕಿದ್ದಾಳೆ, ಕಾಲು ಒತ್ತಿದ್ದಾಳೆ. ಬಾಯಾರಿಕೆಗೆ ನೀರು ಕೇಳಿದ್ದು ಅಂತ ಗೊತ್ತಾಗಿದ್ದು ಬೆಳಿಗ್ಗೆ. ಆ ಹುಡುಗಿ ಅತ್ತಳು. ಆಮೇಲೆ ಅವಳೇ ನಮ್ಮನ್ನು ಕೂರಿಸಿಕೊಂಡು ಹನ್ನೆರಡು ತುಳು ಪದ ಒಡಿಯಾ ಲಿಪಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ನೀರ್, ವನಸ್ (ಊಟ), ಬಲೆ (ಬನ್ನಿ), ಕುಲ್ಲುಲೆ (ಕೂತುಕೊಳ್ಳಿ), ಬೇನೆ (ನೋವು). "ಬೇನೆ ಉಂಡಾ?" ಅಂತ ಕೇಳಿದರೆ ಅಜ್ಜಿ ಮೊಣಕಾಲು ತೋರಿಸೋರು. ಅಲ್ಲಿವರೆಗೆ ಅಜ್ಜಿ ಸುಮ್ನೆ ಹಟ ಮಾಡುತ್ತಾರೆ ಅಂದುಕೊಂಡಿದ್ದೆವು. ನೋವಿಗೆ ಕಿರುಚುತ್ತಿದ್ದರು.

ದೂರದೇಶಿ

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಅಪ್ಪ ಮೈಸೂರಲ್ಲಿ ಅಣ್ಣನ ಜೊತೆ ಇದ್ದಾರೆ. ದಿನಾ ವಿಡಿಯೋ ಕಾಲ್ ಮಾಡುತ್ತೇನೆ. ಅಪ್ಪ ಫೋನ್ ನೋಡಿ "ಇವರು ಟೀವಿಲಿ ಬರೋರಾ?" ಅಂತ ಅಣ್ಣನನ್ನು ಕೇಳುತ್ತಾರೆ. ನೆನಪಿಗೆ ವ್ಯಾಯಾಮ ಆಗಲಿ ಅಂತ "ನಾನ್ಯಾರು ಹೇಳಿ, ನನ್ನ ಹೆಸರೇನು ಹೇಳಿ" ಅಂತ ಬಿಡದೆ ಕೇಳುತ್ತೇನೆ. ಅಣ್ಣ ಅತ್ತಿಗೆ ಇಷ್ಟೂ ಪ್ರಾಕ್ಟೀಸ್ ಮಾಡಿಸಲ್ಲ. ದಿನಾ ಕೇಳಿದರೆ ಹೆಸರು ಉಳಿಯುತ್ತೆ ಅಲ್ವಾ?

ಅಡುಗೆಮನೆ_ಕಿಟಕಿ

ವ್ಯಾಯಾಮ ಅಂತೆ! ಈ "ನಾನ್ಯಾರು ಹೇಳಿ" ಪರೀಕ್ಷೆ ಕಂಡುಹಿಡಿದವರು ಯಾರೋ, ನನ್ನ ಕೈಗೆ ಸಿಗಬೇಕು.

ಮದುವೆ ಮನೆಯೊಂದರಲ್ಲಿ ಅಮ್ಮನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿದ್ದೆ. ಬಂದವರೆಲ್ಲ ಮುಖದ ಹತ್ತಿರ ಬಗ್ಗಿ "ಗುರುತು ಸಿಕ್ತಾ? ಯಾರು ಹೇಳಿ ನೋಡೋಣ" ಅನ್ನೋರು. ಮೊದಲನೆಯವರಿಗೆ ಅಮ್ಮ ನಕ್ಕರು. ಮೂರನೆಯವರು ಬಂದಾಗ ನನ್ನ ಸೆರಗು ಹಿಡಿದುಕೊಂಡರು. ಐದನೆಯವರಿಗೆ "ನಾನು ಓದ್ಕೊಂಡಿಲ್ಲ" ಅಂದರು. ನಮ್ಮಮ್ಮ, 76 ವರ್ಷ, ಮದುವೆ ಮನೆಯಲ್ಲಿ, ಓದಿಕೊಂಡಿಲ್ಲ ಅಂತ ಹೆದರಿ ಕೂತಿದ್ದರು. ಸುತ್ತ ಇದ್ದವರೆಲ್ಲ ಜೋಕು ಅಂತ ನಕ್ಕರು.

ಒಬ್ಬರು ಮಾತ್ರ ಬಂದು ನೆಲದ ಮೇಲೆ ಕೂತರು. "ಅಕ್ಕಾ, ನಾನು ಸೊರಬದಲ್ಲಿ ನಿಮ್ಮ ಪಕ್ಕದ ಮನೆ ಹುಡುಗ. ನಿಮ್ಮಂಗಳದಲ್ಲಿ ಒಣಗಿಸಿದ್ದ ಹಲಸಿನ ಹಪ್ಪಳ ಕದೀತಿದ್ನಲ್ಲ, ಅವನು" ಅಂದರು. ಅಮ್ಮ ತುಂಬಾ ಹೊತ್ತು ನೋಡಿ "ಎಷ್ಟು ಕದ್ದೆ?" ಅಂದರು. ಗುರುತು ಸಿಕ್ಕಿತೋ ಇಲ್ಲವೋ, ಯಾರಿಗೆ ಬೇಕು.

ಅಂಕಿಅಂಶದ_ಅಣ್ಣ

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆಸ್ಪತ್ರೆಯಲ್ಲಿ ಅಲೋಯಿಸ್ ಆಲ್‌ಜೈಮರ್ ಅನ್ನುವ ಡಾಕ್ಟರು ಅಗುಸ್ಟೆ ಅನ್ನುವ ಹೆಂಗಸನ್ನು ಇಂಥ ಪ್ರಶ್ನೆಗಳನ್ನೇ ಕೇಳಿದ್ದರು. ನಿಮ್ಮ ಹೆಸರೇನು? ಅಗುಸ್ಟೆ. ಗಂಡನ ಹೆಸರು? ಅದಕ್ಕೂ ಅಗುಸ್ಟೆ ಅಂದರು. ಅವರಿಗಾಗ 51 ವರ್ಷ. ಕಾಯಿಲೆಗೆ ಆಮೇಲೆ ಆ ಡಾಕ್ಟರ ಹೆಸರೇ ಬಂತು. ಡಾಕ್ಟರಿಗೆ ಅದು ಕೆಲಸ, ಕೇಳಿ ಬರೆದುಕೊಂಡರು. ಮದುವೆಗೆ ಊಟಕ್ಕೆ ಬಂದವರಿಗೆ ಆ ಕೆಲಸ ಯಾಕೆ?

ನರ್ಸಕ್ಕ

ದೂರದೇಶಿ ಅವರೇ, ಬೇಜಾರಾಗಬೇಡಿ. ಪ್ರೀತಿಯಿಂದಲೇ ಕೇಳಿದ್ದೀರಿ. ಆದರೆ ಪ್ರಶ್ನೆ ಕೇಳುತ್ತಾ ಹೋದರೆ ಹೆಸರು ಉಳಿಯಲ್ಲ, ಫೋನ್ ಕಂಡರೆ ಹೆದರಿಕೆ ಬೆಳೆಯುತ್ತೆ. ಉತ್ತರವನ್ನು ನೀವೇ ಮೊದಲು ಕೊಟ್ಟುಬಿಡಿ. "ಅಪ್ಪಾ, ನಾನು ನಿಮ್ಮ ಚಿಕ್ಕ ಮಗ, ಅಮೆರಿಕದಿಂದ ಮಾತಾಡ್ತಿದ್ದೀನಿ."

ಫೋನ್ ಕೈಯಲ್ಲಿ ಅಲ್ಲಾಡಬಾರದು, ಎಲ್ಲಾದರೂ ಆನಿಸಿಡಿ. ನಿಮ್ಮ ಮುಖದ ಮೇಲೆ ಬೆಳಕಿರಲಿ. ಕಿವಿಗೆ ಮೆಷಿನ್ ಇದ್ದರೆ ಹಾಕಿದ್ದಾರಾ ಅಂತ ಅಣ್ಣನನ್ನು ಕೇಳಿ. ಕೇಳಿಸದೇ ಇರೋದನ್ನು ಮರೆವು ಅಂದುಕೊಳ್ಳೋದು ಬಹಳ. ಒಂದು ಸಲಕ್ಕೆ ಒಂದೇ ಮಾತು. ಹೇಳಿದ ಮೇಲೆ ಮನಸ್ಸಲ್ಲಿ ಹತ್ತು ಎಣಿಸಿ. ನಮಗೆ ಅದು ದೊಡ್ಡ ಮೌನ, ಅವರು ಆ ಹೊತ್ತಲ್ಲಿ ಪದ ಹುಡುಕುತ್ತಿರುತ್ತಾರೆ. ನಡುವೆ ಇನ್ನೊಂದು ಕೇಳಿದರೆ ಮತ್ತೆ ಮೊದಲಿಂದ ಶುರು. "ಏನು ತಿಂದ್ರಿ?" ಅನ್ನೋದಕ್ಕಿಂತ "ಇವತ್ತು ಇಲ್ಲಿ ಮಳೆ ಅಪ್ಪಾ, ನೋಡಿ" ಅಂತ ಕಿಟಕಿ ತೋರಿಸಿ. ಐದು ನಿಮಿಷ ಸಾಕು.

ದೂರದೇಶಿ

ಇಷ್ಟು ದಿನ ಯಾರೂ ಹೀಗೆ ಹೇಳಿರಲಿಲ್ಲ. ಥ್ಯಾಂಕ್ಸ್. ಅಣ್ಣನಿಗೆ ಸಾರಿ ಕೇಳಬೇಕು.

ಕಡಲತೀರ

ಸಾರಿ ಜೊತೆಗೆ ಒಂದು ತಿಂಗಳು ರಜ ಹಾಕಿ ಬನ್ನಿ. ಅತ್ತಿಗೆ ತವರಿಗೆ ಹೋಗಿ ಬರಲಿ.

ನಿರ್ವಾಹಕ

ಇಬ್ಬರು ಆಸ್ಪತ್ರೆ ಹೆಸರು ಹಾಕಿ ಬೈದಿದ್ದರು, ಆ ಪೋಸ್ಟ್ ತೆಗೆದಿದ್ದೇನೆ. ಹೆಸರು ಬಿಟ್ಟು ಅನುಭವ ಬರೆಯಿರಿ.

ರೈಟ್_ಹೋಲ್ಡಾನ್

ನಮ್ಮ ಮನೆಯಲ್ಲೂ ಒಬ್ಬರು ನಿರ್ವಾಹಕರಿದ್ದಾರೆ 🙂 ಬಸ್ಸಿನ ನಿರ್ವಾಹಕರು, ರಿಟೈರ್ಡ್.

ರಾತ್ರಿ ಎರಡು ಗಂಟೆಗೆ ಎದ್ದು ಒಂದೊಂದೇ ಹಾಸಿಗೆ ಹತ್ತಿರ ಬಂದು "ಟಿಕೆಟ್, ಟಿಕೆಟ್" ಅನ್ನುತ್ತಾರೆ. ಮೊದಲ ವಾರ "ಅಪ್ಪಾ, ಇದು ಮನೆ, ಬಸ್ಸಲ್ಲ, ಮಲಗಿ" ಅಂತ ವಾದ ಮಾಡಿದೆ. ಟಿಕೆಟ್ ಇಲ್ಲದೆ ಹತ್ತಿದ್ದಲ್ಲದೆ ವಾದ ಬೇರೆ ಅಂತ ನನ್ನನ್ನು ಇಳಿಸೋಕೆ ಬಂದರು! ನನ್ನ ಮಗಳಿಗೆ ಎಂಟು ವರ್ಷ. ಅವಳು ದಿಂಬಿನ ಕೆಳಗಿಂದ ಹತ್ತು ರೂಪಾಯಿ ತೆಗೆದು "ಒಂದು ತಿಪಟೂರು" ಅಂದಳು. ಅಪ್ಪ ದುಡ್ಡು ತಗೊಂಡು, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಿಸಿ ಸಿಕ್ಕಿಸಿಕೊಂಡು, ಕ್ಯಾಲೆಂಡರ್ ಹಾಳೆ ಹರಿದು ಕೊಟ್ಟರು. ಈಗ ದಿನಾ ರಾತ್ರಿ ಎಲ್ಲರೂ ಟಿಕೆಟ್ ತಗೋತೀವಿ. ಕೊನೇಗೆ ನಾನು "ಡಿಪೋ ಬಂತು ಸಾರ್, ಟ್ರಿಪ್ ಮುಗೀತು" ಅಂದರೆ ಮಲಗುತ್ತಾರೆ.

ಸತ್ಯವಾದಿಯವರು ಇದನ್ನು ಸುಳ್ಳು ಅನ್ನಬಹುದು. ನನಗೆ ನಿದ್ದೆ ಬರುತ್ತಿದೆ, ಅಷ್ಟು ಸಾಕು.

ಸತ್ಯವಾದಿ76

ಇದನ್ನು ಸುಳ್ಳು ಅನ್ನಲ್ಲ. ಆದರೆ ಚಿಲ್ಲರೆ ಕೊಟ್ಟರಾ?

ರೈಟ್_ಹೋಲ್ಡಾನ್

ಇಳಿಯುವಾಗ ಕೇಳು ಅಂದರು!!

ಹೆಸರು_ಬೇಡ

ಇಲ್ಲಿ ಎಲ್ಲರೂ ಇಷ್ಟು ತಾಳ್ಮೆಯವರು. ನಾನಲ್ಲ.

ಅಮ್ಮ ದಿನಾ ನನ್ನ ಮೇಲೆ ಬಳೆ ಕದ್ದ ಆರೋಪ ಹೊರಿಸುತ್ತಾರೆ. ಅಕ್ಕಪಕ್ಕದವರಿಗೆಲ್ಲ ಹೇಳಿದ್ದಾರೆ. ಬಳೆ ಅಕ್ಕಿ ಡಬ್ಬಿಯಲ್ಲೋ ದೇವರ ಗೂಡಲ್ಲೋ ಇರುತ್ತೆ, ಅವರೇ ಇಟ್ಟಿರುತ್ತಾರೆ. ಮೊನ್ನೆ ಬಳೆಯನ್ನು ಅವರ ಮುಂದೆ ಎಸೆದು ಕೂಗಾಡಿದೆ. ಕೈ ಎತ್ತಿದೆ. ಹೊಡೆಯಲಿಲ್ಲ, ಆದರೆ ಎತ್ತಿದೆ. ಅಮ್ಮ ಎರಡೂ ಕೈ ತಲೆ ಮೇಲಿಟ್ಟುಕೊಂಡು ಕುಗ್ಗಿದರು. ಅಮ್ಮ ಯಾವತ್ತೂ ನನಗೆ ಹೊಡೆದವರಲ್ಲ. ತಮ್ಮಂದಿರಿಬ್ಬರು ವಾಟ್ಸ್ಆ್ಯಪ್‌ನಲ್ಲಿ ಹೂವಿನ ಚಿತ್ರ ಕಳಿಸುತ್ತಾರೆ. ನಾನು ನಾಲ್ಕು ವರ್ಷದಿಂದ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿಲ್ಲ.

ಸಂಜೆಮಲ್ಲಿಗೆ

ಅಕ್ಕಾ, ಇಲ್ಲಿ ಬರೆದಿದ್ದಕ್ಕೆ ಥ್ಯಾಂಕ್ಸ್. ನಾನು ಕೈ ಎತ್ತಿಲ್ಲ, ಆದರೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆಗೆ ಬೈದಿದ್ದೇನೆ.

ನರ್ಸಕ್ಕ

ಕೈ ಎತ್ತಿದ್ದು ನಿಮಗೆ ಗೊತ್ತಾಯಿತು, ಹೇಳಿಕೊಂಡಿರಿ. ಇನ್ನೊಂದು ಸಲ ಹಾಗೆ ಅನ್ನಿಸಿದರೆ ಅಮ್ಮ ಬೀಳದ ಹಾಗೆ ಕೂರಿಸಿ, ರೂಮಿಂದ ಹೊರಗೆ ಬನ್ನಿ. ಎರಡು ನಿಮಿಷ. ಟೆಲಿ ಮಾನಸ್ ಸಹಾಯವಾಣಿ 14416 ಇದೆ, ದಿನದ 24 ಗಂಟೆಯೂ, ಕನ್ನಡದಲ್ಲೂ ಮಾತಾಡುತ್ತಾರೆ. ಅದು ರೋಗಿಗಷ್ಟೇ ಅಲ್ಲ, ನಿಮಗೂ. ಹಿರಿಯರ ಸಹಾಯವಾಣಿ 14567.

ಬಳೆ ವಿಷಯ. "ನಾನು ಕದ್ದಿಲ್ಲ" ಅಂದರೆ ಕಳ್ಳ ಹೇಳೋದೂ ಅದೇ ಅಲ್ವಾ ಅವರ ಪಾಲಿಗೆ. "ಅಯ್ಯೋ, ಬಳೆ ಕಾಣ್ತಿಲ್ವಾ? ನಡಿ ಅಮ್ಮ, ಹುಡುಕೋಣ" ಅನ್ನಿ. ನಿಮಗೆ ಸಿಕ್ಕರೂ ನೀವು ತೆಗೆಯಬೇಡಿ, ಅವರ ಕೈಗೇ ಸಿಗಲಿ. ಇನ್ನೊಂದು ಮುಖ್ಯ ವಿಷಯ, ಎಲ್ಲರಿಗೂ. ನಿನ್ನೆ ಮೊನ್ನೆವರೆಗೆ ಇಲ್ಲದ್ದು ಎರಡೇ ದಿನದಲ್ಲಿ ಶುರುವಾದರೆ, ಅಂದರೆ ತೀರಾ ಗೊಂದಲ, ಸಿಟ್ಟು, ಇಲ್ಲದ್ದು ಕಾಣೋದು, ಇಡೀ ದಿನ ಮಂಪರು, ಕಾಯಿಲೆ ಮುಂದುವರಿಯಿತು ಅಂತ ಸುಮ್ಮನಿರಬೇಡಿ. ಮೂತ್ರದ ಸೋಂಕು, ಸೋಡಿಯಂ ಇಳಿದಿರೋದು, ಮಲಬದ್ಧತೆ, ಹೊಸ ಮಾತ್ರೆ, ಏನಾದರೂ ಇರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ.

ಮತ್ತೆ ತಮ್ಮಂದಿರಿಗೆ ಹೂವಿನ ಚಿತ್ರ ಸಾಕು ಅಂತ ಹೇಳಿ. ಯಾವ ವಾರ ಯಾರು ಬರುತ್ತೀರಿ ಅಂತ ನೇರವಾಗಿ ಕೇಳಿ.

ಪಾರ್ಕ್_ಬೆಂಚು

ದಿನಾ ಬೆಳಿಗ್ಗೆ ಬ್ರಾಹ್ಮಿ ಕೊಡಿ. ಮರೆವು ಪೂರ್ತಿ ವಾಸಿಯಾಗುತ್ತೆ.

ಅಂಕಿಅಂಶದ_ಅಣ್ಣ

ಯಾವ ಬ್ರಾಹ್ಮಿ? ನಮ್ಮ ಮಲೆನಾಡಲ್ಲಿ ಒಂದೆಲಗಕ್ಕೆ ಬ್ರಾಹ್ಮಿ ಅಂತಾರೆ. ನೀರು ಬ್ರಾಹ್ಮಿ ಬೇರೆ ಗಿಡ. ಎರಡರಲ್ಲಿ ಯಾವುದೂ ಡಿಮೆನ್ಶಿಯಾ ವಾಸಿ ಮಾಡುತ್ತೆ ಅಂತ ಸಾಬೀತಾಗಿಲ್ಲ. ಕೊಡುವ ಮುಂಚೆ ಡಾಕ್ಟರಿಗೆ ಹೇಳಿ.

ತಿಮರೆ

ನನ್ನ ಹೆಸರೇ ಅದು, ತುಳುವಿನಲ್ಲಿ ಒಂದೆಲಗಕ್ಕೆ ತಿಮರೆ. ಮರೆವಿಗೆ ಗೊತ್ತಿಲ್ಲ, ಬಿಸಿ ಅನ್ನಕ್ಕೆ ತಂಬುಳಿ ಮಾಡಿದರೆ ಮಾತ್ರ ಬೇರೆ ಏನೂ ಬೇಡ.

ಬಿಸಿಲೂರ_ಬಸು

ತಂಬುಳಿ ಅಂದ್ರೇನ್ರೀ?

ಕಡಲತೀರ

ಅಯ್ಯೋ ಪಾಪ, 68 ವರ್ಷದ ಗಾದೆ ಸಾರ್‌ಗಿಂತ ಇವರ ಕಷ್ಟ ದೊಡ್ಡದು.

ಸಂಜೆಮಲ್ಲಿಗೆ (ಮುಂದಿನ ವಾರ, ಗುರುವಾರ)

ಆಮೇಲೆ ಏನಾಯಿತು ಅಂತ ಹೇಳುತ್ತೇನೆ.

ಐದಕ್ಕೇ ಲೈಟು ಹಾಕುತ್ತಿದ್ದೇನೆ. ಎರಡು ದಿನ ಬಾಗಿಲಿಗೆ ಬರಲೇ ಇಲ್ಲ. ಮೂರನೇ ದಿನ ಬಂದರು. ನರ್ಸಕ್ಕ ಹೇಳಿದ ಹಾಗೆ ಪಕ್ಕ ನಿಂತೆ. ಇಬ್ಬರೂ ರಸ್ತೆ ನೋಡಿದೆವು, ಒಂದು ಆಟೋ ಹೋಯಿತು. "ಮಾವ ಬಂದ ತಕ್ಷಣ ಏನು ಕೇಳ್ತಿದ್ರು ಅತ್ತೆ?" ಅಂದೆ. "ಕೇಳೋದೇನು, ಮಾತೇ ಆಡಲ್ಲ ಅವರು. ಬಂದು ಕೊಡೆ ಜೋರಾಗಿ ಕೊಡವೋರು. ಅದೇ ಸದ್ದು, ಬಂದ್ರು ಅಂತ" ಅಂದರು. ಹನ್ನೊಂದು ವರ್ಷ ಆಯಿತು ನಾನು ಈ ಮನೆಗೆ ಬಂದು, ನನಗೆ ಇದು ಗೊತ್ತಿರಲಿಲ್ಲ. ನನ್ನ ಗಂಡನಿಗೂ ಮರೆತಿತ್ತು. ಅವರೂ ಬಂದು ಕೂತರು. ಅರ್ಧ ಗಂಟೆ ಮಾವನ ಕೊಡೆ, ಮಾವನ ಸಿಟ್ಟು, ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಜಾಸ್ತಿ ಆದರೆ ತಟ್ಟೆ ತಳ್ಳುತ್ತಿದ್ದದ್ದು. ಅತ್ತೆ ನಕ್ಕರು.

ಎಲ್ಲ ದಿನ ಹೀಗಿಲ್ಲ. ಭಾನುವಾರ ನನ್ನ ಕೈ ಕೊಡವಿ ಚಿಲಕ ತೆಗೆಯೋಕೆ ಹೋದರು, ಗೇಟಿನವರೆಗೂ ಹೋಗಿ ವಾಪಸ್ ಕರೆದುಕೊಂಡು ಬಂದೆ.

ನಿನ್ನೆ ರಾತ್ರಿ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. ಟೀವಿ ಇಲ್ಲ, ಮಾತಿಲ್ಲ. ಇದ್ದಕ್ಕಿದ್ದ ಹಾಗೆ "ಇವರು ಹೋಗಿಬಿಟ್ರು ಅಲ್ವೇನೇ?" ಅಂದರು. ನನ್ನನ್ನೇ ನೋಡುತ್ತಿದ್ದರು. ಸತ್ಯವಾದಿಯವರು ಕೇಳಿದ ಪ್ರಶ್ನೆ ನೆನಪಾಯಿತು. "ಹೂಂ ಅತ್ತೆ" ಅಂದೆ. ಎಣ್ಣೆ ಕೈಯಲ್ಲೇ ಅವರ ಕೈ ಹಿಡಿದುಕೊಂಡೆ. ಅಳಲಿಲ್ಲ. "ಮಳೇಲಿ ಹೋದ್ರಾ?" ಅಂದರು. ಮಾವ ತೀರಿಕೊಂಡಿದ್ದು ಜುಲೈ ತಿಂಗಳು, ಅವತ್ತು ನಿಜವಾಗಲೂ ಮಳೆ.

ಸತ್ಯವಾದಿ76

"ಊರಿಗೆ ಹೋಗಿದ್ದಾರೆ" ಅನ್ನೋದನ್ನು ನಾನು ಈಗಲೂ ಒಪ್ಪಲ್ಲ. ನಿನ್ನೆ ರಾತ್ರಿ ನೀವು ಮಾಡಿದ್ದು ಸರಿ.

ಕಡಲತೀರ

ನಾನೂ ನನ್ನ ಮಾತು ಬಿಡಲ್ಲ. ಸಂಜೆಮಲ್ಲಿಗೆ, ಗೇಟಿಗೆ ಒಂದು ಗಂಟೆ ಕಟ್ಟಿ. ತೆಗೆದರೆ ಸದ್ದಾಗುತ್ತೆ.

ಬಿಸಿಲೂರ_ಬಸು

ಬೆಂಗಳೂರಿಂದ ತಮ್ಮ ಒಂದೆಲಗ ತಂದಾನ. ಅಪ್ಪಗ ಮಾಡಿಕೊಡೋಣಂತ. ಕಾಳುಮೆಣಸು ಎಷ್ಟು ಹಾಕಬೇಕ್ರಿ?

ತಿಮರೆ

ನಾಲ್ಕು ಕಾಳು ಸಾಕು. ಜೀರಿಗೆ ಜೊತೆ ತುಪ್ಪದಲ್ಲಿ ಹುರಿದು, ತೆಂಗಿನ ತುರಿ, ಎಲೆ ಹಾಕಿ ರುಬ್ಬಿ ಮಜ್ಜಿಗೆಗೆ ಸೇರಿಸಿ. ಕುದಿಸಬೇಡಿ. ನಿಮ್ಮಪ್ಪನಿಗೆ ರೊಟ್ಟಿ ಜೊತೆ ಕೊಡಬೇಡಿ ಮತ್ತೆ, ಅನ್ನ ಮಾಡಿ.

ಬಿಸಿಲೂರ_ಬಸು

ಅನ್ನ ಮಾಡಿದ್ರ ಯಾರ ಮನಿಗೆ ಬಂದೀನಿ ಅಂತ ಕೇಳ್ತಾನ್ರೀ.